ಮ್ಯಾಚ್‌ಗೆ ಮೊದಲು ಕಲ್ಲಿಕೋಟೆಯನ್ನೊಮ್ಮೆ ನೋಡಿ

ಮಂಗಳೂರಿನಿಂದ ಕಲ್ಲಿಕೋಟೆಗೆ ರೈಲಿನಲ್ಲಿ ಸುಮಾರು 220 ಕಿಲೋಮೀಟರ್. ನಮಗೆ ಬೆಂಗಳೂರಿಗಿಂತ ಹತ್ತಿರ. ಫುಟ್‌ಬಾಲ್ ಸೀಸನ್ ಶುರುವಾಯಿತೆಂದರೆ ನಮ್ಮ ಉಳ್ಳಾಲ, ಬಂದರ್, ಕುದ್ರೋಳಿ ಕಡೆಯ ಹುಡುಗರು ಗುಂಪು ಕಟ್ಟಿಕೊಂಡು ಅಲ್ಲಿಗೆ ಹೋಗಿಬರುತ್ತಾರೆ. ಬಂದ ಮೇಲೆ "ಕ್ಯಾಲಿಕಟ್‌ನಲ್ಲಿ ಏನೆಲ್ಲ ನೋಡಿದ್ರಿ?" ಅಂತ ಕೇಳಿದರೆ ಉತ್ತರ ಒಂದೇ: "ಮ್ಯಾಚ್ ನೋಡಿದ್ವಿ ಉಸ್ತಾದ್." ಸ್ಟೇಡಿಯಂ, ಬಸ್ ಸ್ಟ್ಯಾಂಡ್, ಒಂದು ಪ್ಲೇಟ್ ಬಿರಿಯಾನಿ. ಅಷ್ಟಕ್ಕೇ ಮುಗಿಯಿತು.

ಮ್ಯಾಚ್ ನೋಡುವುದು ತಪ್ಪು ಅಂತ ನಾವು ಹೇಳುತ್ತಿಲ್ಲ. ಆದರೆ ಇಬ್ನು ಬತೂತ ಬಂದಿಳಿದ ಊರು ಅದು. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹಾಡುತ್ತಿದ್ದ ಮುಹ್ಯಿದ್ದೀನ್ ಮಾಲೆ ಹುಟ್ಟಿದ ಊರು. ಅಲ್ಲಿಗೆ ಹೋಗಿಯೂ ಬರೀ ತೊಂಬತ್ತು ನಿಮಿಷದ ಆಟ ನೋಡಿ ಬಂದರೆ ನಷ್ಟ ಯಾರಿಗೆ? ಹಾಗಾಗಿ ಕಳೆದ ದಸರಾ ರಜೆಯಲ್ಲಿ ನಮ್ಮ ಮದ್ರಸದ ದೊಡ್ಡ ತರಗತಿಯ ಹುಡುಗರು ಕ್ಯಾಲಿಕಟ್ ಎಫ್‌ಸಿಯ ಮ್ಯಾಚ್‌ಗೆ ಹೋಗಬೇಕೆಂದು ಹಟ ಹಿಡಿದಾಗ ನಾವು ಒಂದು ಷರತ್ತು ಹಾಕಿದೆವು. ಬೆಳಗ್ಗೆಯಿಂದ ಸಂಜೆವರೆಗೆ ಊರು, ಆಮೇಲೆ ಆಟ. ಹುಡುಗರು ಒಪ್ಪಿದರು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ!

ಹುಡುಗರಿಗಿಂತ ಮನೆಯವರನ್ನು ಒಪ್ಪಿಸುವುದೇ ಕಷ್ಟವಾಯಿತು. ದಮ್ಮಾಮಿನಿಂದ ಒಬ್ಬ ಹುಡುಗನ ಉಪ್ಪ ಫೋನ್ ಮಾಡಿ, "ಉಸ್ತಾದ್, ನೀವೇ ಮಕ್ಕಳನ್ನು ಆಟಕ್ಕೆ ಕರ್ಕೊಂಡು ಹೋದ್ರೆ ನಾವು ಬೇಡ ಅನ್ನೋದು ಹೇಗೆ?" ಅಂತ ಕೇಳಿದರು. ಅವರ ಚಿಂತೆ ಸುಳ್ಳಲ್ಲ. 2022ರ ವಿಶ್ವಕಪ್ ಸಮಯದಲ್ಲಿ ಕಲ್ಲಿಕೋಟೆ ಜಿಲ್ಲೆಯ ಪುಲ್ಲಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿ, ನೇಮಾರ್, ರೊನಾಲ್ಡೊ ಕಟೌಟ್ ನಿಲ್ಲಿಸಿದ್ದು ಜಗತ್ತಿಗೇ ಸುದ್ದಿಯಾಗಿತ್ತು. ಆಟದ ಹುಚ್ಚಿಗೆ ಹಣ ಸುರಿಯುವುದು, ರಾತ್ರಿ ನಿದ್ದೆಗೆಟ್ಟು ಸುಬಹಿ ಬಿಡುವುದು ಬೇಡ ಅಂತ ಆಗ ಕೇರಳದ ಉಲಮಾಗಳೇ ಎಚ್ಚರಿಸಿದ್ದರು. ನಾವು ಆ ಉಪ್ಪನಿಗೆ ಹೇಳಿದ್ದು ಇಷ್ಟೆ: "ಹೇಗಿದ್ದರೂ ಹುಡುಗರು ಒಂದು ದಿನ ಹೋಗಿಯೇ ಹೋಗ್ತಾರೆ. ನಮ್ಮ ಜೊತೆ ಹೋಗಲಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ದುಆ ಮಾಡಿ" ಅಂದರು. ಹದಿನಾಲ್ಕು ಹುಡುಗರು, ಇಬ್ಬರು ಉಪ್ಪಂದಿರು ಮತ್ತು ನಾವು. ಹೀಗೆ ಹೊರಟಿತು ಸವಾರಿ.

ರೈಲಿನ ಕಿಟಕಿಯಲ್ಲೇ ಅರ್ಧ ಪಾಠ

ಪರಶುರಾಮ ಎಕ್ಸ್‌ಪ್ರೆಸ್ ಮುಂಜಾನೆ ಐದರ ಸುಮಾರಿಗೆ ಮಂಗಳೂರು ಸೆಂಟ್ರಲ್ ಬಿಡುತ್ತದೆ. ಸುಬಹಿ ಮುಗಿಸಿ ಕಿಟಕಿ ಬಳಿ ಕೂತರೆ ಇಡೀ ಕರಾವಳಿ ಎದುರಿಗೆ ಬರುತ್ತದೆ. ಮಾಲಿಕ್ ದೀನಾರ್ ಮತ್ತು ಸಂಗಡಿಗರು ಕಟ್ಟಿಸಿದರೆಂದು ಪರಂಪರೆ ಹೇಳುವ ಹತ್ತು ಮಸೀದಿಗಳ ಪಟ್ಟಿಯನ್ನು ಮಕ್ಕಳು ಮದ್ರಸದಲ್ಲಿ ಕಲಿತಿರುತ್ತಾರೆ. ಬಾರ್ಕೂರು, ಮಂಗಳೂರು, ಕಾಸರಗೋಡು, ಏಳಿಮಲೆ, ಶ್ರೀಕಂಠಪುರ, ಧರ್ಮಡಂ, ಪಂದಲಾಯಿನಿ, ಚಾಲಿಯಂ, ಕೊಡುಂಗಲ್ಲೂರು, ಕೊಲ್ಲಂ. ಬಾಯಿಪಾಠ ಮಾಡಿದ್ದ ಈ ಹೆಸರುಗಳಲ್ಲಿ ಎಷ್ಟೋ ಈ ಹಳಿಯ ಅಕ್ಕಪಕ್ಕದಲ್ಲೇ ಇವೆ! ಕಾಸರಗೋಡು ಸ್ಟೇಷನ್ ಬಂತೆಂದರೆ ತಳಂಗರೆ ಹತ್ತಿರ. ಪಯ್ಯನೂರು ದಾಟಿದರೆ ಪಶ್ಚಿಮಕ್ಕೆ ಏಳಿಮಲೆ. ತಲಶ್ಶೇರಿಗೆ ಮೊದಲು ಧರ್ಮಡಂ. ಕೊಯಿಲಾಂಡಿಯ ಹತ್ತಿರ ಪಂದಲಾಯಿನಿ.

ಇಬ್ನು ಬತೂತ 1342ರ ಸುಮಾರಿಗೆ ಬಂದದ್ದೂ ಇದೇ ದಾರಿ, ಆದರೆ ಹಡಗಿನಲ್ಲಿ. ನಮ್ಮ ಮಂಗಳೂರನ್ನು ಅವರು 'ಮಂಜರೂರು' ಎಂದು ಬರೆದಿದ್ದಾರೆ. ಇಲ್ಲಿ ಊರಿನ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ಇದ್ದರು, ಶಾಫಿಈ ಮದ್ಹಬಿನ ಖಾಝಿಯೊಬ್ಬರಿದ್ದರು ಎಂದೂ ದಾಖಲಿಸಿದ್ದಾರೆ. ಇಷ್ಟು ಹೇಳಿದ ಮೇಲೆ ಹುಡುಗರು ಮೊಬೈಲ್ ಪಕ್ಕಕ್ಕಿಟ್ಟರು. ತಮ್ಮ ಊರಿನ ಹೆಸರು ಏಳು ಶತಮಾನದ ಹಿಂದಿನ ಒಂದು ಪುಸ್ತಕದಲ್ಲಿದೆ ಅಂದರೆ ಯಾರಿಗೆ ಖುಷಿಯಾಗುವುದಿಲ್ಲ!

ವಡಗರೆ ಕಳೆದ ಮೇಲೆ ಇರಿಂಙಲ್ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಕುಂಞಾಲಿ ಮರಕ್ಕಾರರ ಕೋಟೆ ಇದ್ದದ್ದು ಅಲ್ಲೇ. ಸಾಮೂದಿರಿಯ ನೌಕಾಪಡೆಯ ನಾಯಕರು ಇವರು. ನಮ್ಮ ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರ ವಿರುದ್ಧ ನಿಂತಾಗ ಸಾಮೂದಿರಿಯ ಬೆಂಬಲ ಆಕೆಗಿತ್ತು. ಸಾಮೂದಿರಿಯ ಸೇನಾನಿ ಕುಟ್ಟಿ ಪೋಕರ್ ಮರಕ್ಕಾರ್ ಮಂಗಳೂರಿನ ಪೋರ್ಚುಗೀಸ್ ಕೋಟೆಗೆ ನುಗ್ಗಿ, ವಾಪಸ್ ಹೋಗುವ ದಾರಿಯಲ್ಲಿ ಪೋರ್ಚುಗೀಸರ ಕೈಯಲ್ಲಿ ಪ್ರಾಣಬಿಟ್ಟರು. ಉಳ್ಳಾಲದ ಹುಡುಗರು ಎದ್ದು ನಿಂತು ಆ ಸ್ಟೇಷನ್ ನೋಡಿದರು. ರೈಲು ಅಲ್ಲಿ ನಿಲ್ಲಲಿಲ್ಲ.

ಕುಟ್ಟಿಚ್ಚಿರದ ಕೆರೆಯ ಸುತ್ತ

ಬೆಳಗ್ಗೆ ಒಂಬತ್ತು ದಾಟುವಾಗ ಕಲ್ಲಿಕೋಟೆ. ಸ್ಟೇಷನ್‌ನಿಂದ ಕುಟ್ಟಿಚ್ಚಿರಕ್ಕೆ ರಿಕ್ಷಾ ಬೇಕಾಗಿಲ್ಲ, ನಡೆದೇ ಹೋಗಬಹುದು. ಪೇಟೆಯ ಗದ್ದಲದಿಂದ ಒಳಗೆ ತಿರುಗಿದರೆ ನಡುವೆ ದೊಡ್ಡ ಕೆರೆ, ಸುತ್ತ ಹಳೆಯ ತರವಾಡು ಮನೆಗಳು, ಒಂದರ ಹತ್ತಿರ ಒಂದು ಪಳ್ಳಿ.

ಇಲ್ಲಿಯ ಕೋಯ ಕುಟುಂಬಗಳಲ್ಲಿ ಮದುವೆಯಾದ ಹೆಣ್ಣುಮಗಳು ತಾಯಿಮನೆಯಲ್ಲೇ ಇರುತ್ತಾಳೆ. ಗಂಡ ಆ ಮನೆಗೆ ಬರುತ್ತಾನೆ. ಪ್ರತಿ ಹೆಣ್ಣುಮಗಳಿಗೂ ಒಂದು 'ಅರ', ಅಂದರೆ ಕೋಣೆ. ಮನೆಗೆ ಬರುವ ಮದುಮಗನಿಗೆ ಇವರು ಹೇಳುವ ಹೆಸರು ಪುದಿಯಾಪ್ಳ. ನಾವೂ ಮದುಮಗನಿಗೆ ಪುದಿಯಾಪ್ಳೆ ಅನ್ನುತ್ತೇವಲ್ಲ! ಮಲಯಾಳದ 'ವ' ನಮ್ಮ ಬ್ಯಾರಿಯಲ್ಲಿ 'ಬ' ಆಗುತ್ತದೆ, ಅವರ 'ವಾ' ನಮಗೆ 'ಬಾ'. ಮಾತು ಸ್ವಲ್ಪ ನಿಧಾನ ಮಾಡಿದರೆ ಅವರದು ನಮಗೂ, ನಮ್ಮದು ಅವರಿಗೂ ತಿಳಿಯುತ್ತದೆ.

ಕೆರೆಯ ಪಕ್ಕದಲ್ಲೇ ಮಿಸ್ಕಾಲ್ ಪಳ್ಳಿ. ಗುಂಬಜ್ ಇಲ್ಲ, ಮಿನಾರ ಇಲ್ಲ. ಮಾಡಿನ ಮೇಲೆ ಮಾಡು ಇಟ್ಟಂತೆ ಏರುವ ಮರದ ಕಟ್ಟಡ. 24 ಕೆತ್ತನೆಯ ಕಂಬ, 47 ಬಾಗಿಲು. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಹುಡುಗ, "ಉಸ್ತಾದ್, ಇದು ನಮ್ಮ ಬಂದರಿನ ಪಳ್ಳಿ ಹಾಗೇ ಉಂಟಲ್ಲ" ಅಂದ. ಹೌದು, ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕಂಬಗಳನ್ನು ನೋಡಿದವರಿಗೆ ಇಲ್ಲಿ ಎಲ್ಲವೂ ಪರಿಚಯದ್ದೇ. ಮಳೆ ಜಾಸ್ತಿ, ಮರ ಧಾರಾಳ, ಕೈ ಒಳ್ಳೆಯ ಬಡಗಿಗಳದ್ದು. ಈ ಕರಾವಳಿಯಲ್ಲಿ ದೇವಸ್ಥಾನ ಕಟ್ಟಿದ ಕೈಗಳು ಮಸೀದಿಯನ್ನೂ ಕಟ್ಟಿದವು. ಅದಕ್ಕೇ ದೂರದಿಂದ ನೋಡಿದರೆ ಎರಡರ ಮಾಡೂ ಒಂದೇ ತರ ಕಾಣುತ್ತದೆ.

14ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವರು ಮಿಸ್ಕಾಲ್ ಎಂಬ ಹಡಗಿನ ವ್ಯಾಪಾರಿ. ಚೀನಾ, ಯಮನ್, ಪರ್ಷಿಯಾಕ್ಕೆ ಹಡಗು ಬಿಡುತ್ತಿದ್ದ ಆ ಹೆಸರಿನ ಶ್ರೀಮಂತರೊಬ್ಬರು ಕಲ್ಲಿಕೋಟೆಯಲ್ಲಿದ್ದರು ಅಂತ ಇಬ್ನು ಬತೂತರೂ ಬರೆದಿದ್ದಾರೆ. ಬಂದರಿನಲ್ಲಿ ಚೀನಾದ ಹದಿಮೂರು ಹಡಗುಗಳು ನಿಂತಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

1510ರ ಜನವರಿಯಲ್ಲಿ ಅಲ್ಬುಕರ್ಕ್‌ನ ನೇತೃತ್ವದಲ್ಲಿ ಪೋರ್ಚುಗೀಸರು ಊರಿನ ಮೇಲೆ ಬಿದ್ದರು. ಪಳ್ಳಿಗೆ ಬೆಂಕಿ ಇಟ್ಟರು. ಸಾಮೂದಿರಿಯ ನಾಯರ್ ಯೋಧರೂ ಮುಸ್ಲಿಮರೂ ಸೇರಿ ಅವರನ್ನು ಸಮುದ್ರಕ್ಕೆ ಅಟ್ಟಿದರು. ಪೋರ್ಚುಗೀಸರ ಮಾರ್ಷಲ್ ಕುಟಿನ್ಯೊ ಸತ್ತ, ಅಲ್ಬುಕರ್ಕ್ ಗಾಯಗೊಂಡು ಹಡಗು ಹತ್ತಿದ. 1531ರಲ್ಲಿ ಪೋರ್ಚುಗೀಸರು ಚಾಲಿಯಂನಲ್ಲಿ ಕೋಟೆ ಕಟ್ಟಿದರು, ಅಲ್ಲಿಯ ಹಳೆಯ ಮಸೀದಿಯ ಕಲ್ಲನ್ನೇ ಕಿತ್ತು ಕೋಟೆಗೆ ಹಾಕಿದರು. ಶೇಖ್ ಝೈನುದ್ದೀನ್ ಮಖ್ದೂಮ್ ಅವರು 'ತುಹ್‌ಫತುಲ್ ಮುಜಾಹಿದೀನ್'ನಲ್ಲಿ ಇದನ್ನು ಬರೆದಿದ್ದಾರೆ. 1571ರಲ್ಲಿ ಸಾಮೂದಿರಿ ಆ ಕೋಟೆಯನ್ನು ಗೆದ್ದು ನೆಲಸಮ ಮಾಡಿದರು. ಅದರ ಮರಮುಟ್ಟು ಮಿಸ್ಕಾಲ್ ಪಳ್ಳಿಯ ದುರಸ್ತಿಗೆ ಬಂತು ಅಂತ ಇಲ್ಲಿಯವರು ಹೇಳುತ್ತಾರೆ. ಆ ಗೆಲುವಿನ ಬಗ್ಗೆ ಕಲ್ಲಿಕೋಟೆಯ ಖಾಝಿ ಮುಹಮ್ಮದ್ 'ಫತ್‌ಹುಲ್ ಮುಬೀನ್' ಎಂಬ ಅರಬಿ ಕಾವ್ಯ ರಚಿಸಿ ಸಾಮೂದಿರಿಗೆ ಅರ್ಪಿಸಿದರು. 1607ರಲ್ಲಿ ಮುಹ್ಯಿದ್ದೀನ್ ಮಾಲೆ ಬರೆದವರೂ ಇದೇ ಖಾಝಿಯವರು. ಮಾಲೆ ನಮ್ಮ ಮನೆಗಳಿಗೆ ಬಂತು, ಸಾಮೂದಿರಿಯ ಕಥೆ ಅಷ್ಟಾಗಿ ಬರಲಿಲ್ಲ.

ಸ್ವಲ್ಪ ಆಚೆ ಮುಚ್ಚುಂದಿ ಪಳ್ಳಿ ಇದೆ. ಅಲ್ಲೊಂದು ಕಲ್ಲು. ಅರಬಿಯಲ್ಲೂ ವಟ್ಟೆಳುತ್ತಿನಲ್ಲೂ ಬರೆದ ಶಾಸನ. ಪಳ್ಳಿಯ ಖರ್ಚಿಗೆ ಸಾಮೂದಿರಿ ಕೊಟ್ಟ ದಾನದ ದಾಖಲೆ ಅದು.

ಹುಡುಗ ಕೇಳಿದ ಪ್ರಶ್ನೆ

ಆ ಕಲ್ಲಿನ ಕಥೆ ಹೇಳಿ ಕೆರೆಯ ಕಟ್ಟೆಗೆ ಬಂದು ಕೂತಾಗ ಒಬ್ಬ ಹುಡುಗ ಕೇಳಿದ: "ಉಸ್ತಾದ್, ರಾಜ ಹಿಂದೂ ಅಲ್ವಾ? ಮತ್ಯಾಕೆ ಪಳ್ಳಿಗೆ ಕೊಟ್ಟ?"

ರಾಜ ದೊಡ್ಡ ಮನಸ್ಸಿನವ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಮಕ್ಕಳಿಗೆ ಪೂರ್ತಿ ಹೇಳಬೇಕು. ರಾಜನಿಗೆ ಬಂದರಿನ ಸುಂಕ ಬೇಕಿತ್ತು. ಸುಂಕ ಬರಬೇಕಾದರೆ ಹಡಗು ಬರಬೇಕು. ಹಡಗು ಬರಬೇಕಾದರೆ ವ್ಯಾಪಾರಿಗೆ ನಂಬಿಕೆ ಬರಬೇಕು. ಈ ನಂಬಿಕೆಯ ಬಗ್ಗೆ ಅಲ್ಲೊಂದು ಐತಿಹ್ಯವೇ ಇದೆ. ಅರಬ್ ವ್ಯಾಪಾರಿಯೊಬ್ಬ ಉಪ್ಪಿನಕಾಯಿ ಭರಣಿಗಳಲ್ಲಿ ಚಿನ್ನ ಅಡಗಿಸಿ ಕಂಡಕಂಡ ರಾಜರ ಬಳಿ ಇಡಲು ಕೊಟ್ಟನಂತೆ. ಒಳಗೆ ಚಿನ್ನ ಇದೆ ಅಂತ ಗೊತ್ತಾಗಿಯೂ ಮುಟ್ಟದೆ ವಾಪಸ್ ಕೊಟ್ಟವ ಸಾಮೂದಿರಿ ಒಬ್ಬನೇ. ಕಲ್ಲಿಕೋಟೆಗೆ 'ಸತ್ಯದ ನಗರ' ಎಂಬ ಹೆಸರು ಬಂದದ್ದು ಹೀಗೆ ಅನ್ನುತ್ತಾರೆ. ವ್ಯಾಪಾರದಿಂದ ಶುರುವಾದ ನಂಟು ಮುಂದೆ ಪ್ರಾಣ ಕೊಡುವ ಮಟ್ಟಕ್ಕೆ ಹೋಯಿತು.

ಹುಡುಗ ಸುಮ್ಮನಾಗಲಿಲ್ಲ. "ನಮ್ಮಲ್ಲಿ ಜಾತ್ರೆಗೆ ಅಂಗಡಿಯೇ ಹಾಕ್ಲಿಕ್ಕೆ ಬಿಡುದಿಲ್ಲ" ಅಂದ. ಅವನ ಮಾಮ ಇಪ್ಪತ್ತು ವರ್ಷ ಜಾತ್ರೆಗಳಲ್ಲಿ ಬಳೆ, ಆಟಿಕೆ ಮಾರುತ್ತಿದ್ದವರು. 2022ರಲ್ಲಿ ನಮ್ಮ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಇಲ್ಲ ಎಂಬ ಬ್ಯಾನರ್‌ಗಳು ಎದ್ದ ಮೇಲೆ ಅವರು ಹೋಗಿಲ್ಲ. ಹದಿನಾರು ವರ್ಷದ ಹುಡುಗ ಅದನ್ನೆಲ್ಲ ಮನಸ್ಸಲ್ಲಿಟ್ಟುಕೊಂಡಿದ್ದಾನೆ ಅಂತ ನಮಗೆ ಅವತ್ತೇ ತಿಳಿದದ್ದು. ಉಳಿದವರೂ ನಮ್ಮ ಮುಖ ನೋಡಿದರು.

ನಾವು ಮತ್ತೆ ಇಬ್ನು ಬತೂತರ ಹತ್ತಿರವೇ ಹೋದೆವು. ಮಂಗಳೂರಿನ ಬಗ್ಗೆ ಬರೆಯುವಾಗ ಅವರು ಇನ್ನೊಂದು ಮಾತನ್ನೂ ಬರೆದಿದ್ದಾರೆ. ಇಲ್ಲಿಯ ಮುಸ್ಲಿಮರಿಗೂ ಊರಿನವರಿಗೂ ಆಗಾಗ ಜಗಳ ಆಗುತ್ತಿತ್ತು. ವ್ಯಾಪಾರಿಗಳ ಅಗತ್ಯ ಇದ್ದದ್ದರಿಂದ ರಾಜ ನಡುವೆ ಬಂದು ರಾಜಿ ಮಾಡಿಸುತ್ತಿದ್ದ. ಅಂದರೆ ಜಗಳ ಇವತ್ತಿನದ್ದಲ್ಲ, ರಾಜಿಯೂ ಇವತ್ತಿನದ್ದಲ್ಲ. ಜಗಳ ಆದ ಮೇಲೂ ಅದೇ ಊರಲ್ಲಿ ಏಳು ಶತಮಾನ ಒಟ್ಟಿಗೆ ಬದುಕಿದ್ದೇವೆ. ಒಬ್ಬರಿಗೆ ಇನ್ನೊಬ್ಬರು ಬೇಕು ಎಂಬುದು ಎರಡೂ ಕಡೆಯವರಿಗೆ ನೆನಪಿದ್ದಷ್ಟು ಕಾಲ ಊರು ಉಳಿಯುತ್ತದೆ. ಮಾಮನ ಅಂಗಡಿಗೆ ಇದು ಪರಿಹಾರ ಅಲ್ಲ. ಆದರೆ ಹುಡುಗ ತಲೆ ಅಲ್ಲಾಡಿಸಿ, "ಮಾಮನಿಗೆ ಇದನ್ನು ಹೇಳ್ತೇನೆ" ಅಂದ.

ಅಲ್ಲಿಂದ ತಳಿ ಮಹಾದೇವ ದೇವಸ್ಥಾನದ ದಾರಿಯಲ್ಲಿ ನಡೆದೆವು. ಸಾಮೂದಿರಿಗಳ ದೇವಸ್ಥಾನ ಅದು, ರೇವತಿ ಪಟ್ಟತ್ತಾನಂ ಎಂಬ ವಿದ್ವಾಂಸರ ಸಭೆ ನಡೆಯುತ್ತಿದ್ದ ಜಾಗ. ಹೊರಗಿನಿಂದ ಅದರ ಮಾಡನ್ನು ತೋರಿಸಿ ಮಿಸ್ಕಾಲ್ ಪಳ್ಳಿಯ ಮಾಡನ್ನು ನೆನಪಿಸಿಕೊಳ್ಳಿ ಅಂದೆವು. ಹೆಚ್ಚು ಹೇಳುವ ಅಗತ್ಯ ಬೀಳಲಿಲ್ಲ.

ಬಿರಿಯಾನಿ, ಹಲ್ವ ಮತ್ತು ಸಮುದ್ರ

ಲುಹರ್ ಮತ್ತು ಅಸರ್ ಒಟ್ಟಿಗೆ ಜಮ್‌ಅ್ ಮತ್ತು ಖಸ್ರ್ ಮಾಡಿದೆವು. ಮಂಗಳೂರಿನಿಂದ ಹೊರಟವ ಕಲ್ಲಿಕೋಟೆಯಲ್ಲಿ ಯಾವ ಲೆಕ್ಕದಲ್ಲೂ ಮುಸಾಫಿರನೇ. ಶಾಫಿಈ ಫಿಖ್‌ಹ್‌ನ ಈ ಪಾಠವನ್ನು ಪುಸ್ತಕದಲ್ಲಿ ಓದಿದ್ದ ಹುಡುಗರು ಮೊದಲ ಸಲ ತಾವೇ ನಿಯ್ಯತ್ ಮಾಡಿ ನಿಂತರು. ಮ್ಯಾಚ್‌ಗೆ ಹೋದರೆ ನಮಾಝ್ ಹೋಗುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನಮ್ಮಲ್ಲಿಲ್ಲ. ದೀನ್ ಪ್ರಯಾಣಿಕನಿಗೆ ಸುಲಭ ಮಾಡಿಕೊಟ್ಟಿದೆ, ಸಮಯದ ಲೆಕ್ಕ ಮಾತ್ರ ನಮ್ಮ ಕೈಯಲ್ಲಿರಬೇಕು.

ಊಟ ಅಂದರೆ ಬಿರಿಯಾನಿಯೇ. ಸಣ್ಣ ಕೈಮ ಅಕ್ಕಿ, ದಮ್, ಜೊತೆಗೆ ತೆಂಗಿನಕಾಯಿ ಚಟ್ನಿ. ನಮ್ಮ ಮನೆಯ ಬಿರಿಯಾನಿಯೇ ಮೇಲು ಅಂತ ಹುಡುಗರು ತೀರ್ಪು ಕೊಟ್ಟರು, ಆದರೆ ಪ್ಲೇಟಿನಲ್ಲಿ ಒಂದು ಅಗುಳೂ ಉಳಿಯಲಿಲ್ಲ. ಮೇಲೆ ಒಂದೊಂದು ಲೋಟ ಸುಲೈಮಾನಿ.

ಮಾನಾಂಚಿರದ ಹತ್ತಿರವೇ ಮಿಠಾಯಿ ತೆರುವು. ಹಲ್ವ ಅಂಗಡಿಗಳ ಸಾಲು, ತೆಂಗಿನೆಣ್ಣೆಯಲ್ಲಿ ಕರಿಯುವ ಬಾಳೆಕಾಯಿ ಚಿಪ್ಸಿನ ಪರಿಮಳ. ಎಸ್.ಕೆ. ಪೊಟ್ಟೆಕ್ಕಾಟ್ ಇದೇ ಬೀದಿಯ ಜನರ ಮೇಲೆ ಕಾದಂಬರಿ ಬರೆದರು, ಅವರ ಪ್ರತಿಮೆಯೂ ಇಲ್ಲೇ ಇದೆ. 2023ರಲ್ಲಿ ಯುನೆಸ್ಕೊ ಈ ಊರನ್ನು 'ಸಾಹಿತ್ಯ ನಗರ' ಎಂದು ಗುರುತಿಸಿತು, ಭಾರತದಲ್ಲಿ ಆ ಹೆಸರು ಪಡೆದ ಮೊದಲ ಊರು ಇದು. ಮನೆಗೆ ಹಲ್ವ ಕಟ್ಟಿಸಿಕೊಂಡು ಸಮುದ್ರ ತೀರಕ್ಕೆ ಹೋದರೆ ಹಳೆಯ ಕಡಲಸೇತುವೆಯ ಕಂಬಗಳು ನೀರಲ್ಲಿ ನಿಂತಿವೆ. ಚೀನಾದ ಹಡಗುಗಳು ನಿಂತಿದ್ದ ಕಡಲು. ಹುಡುಗರಿಗೆ ಅದಕ್ಕಿಂತ ಐಸ್ ಒರತಿ ಮತ್ತು ಮಸಾಲೆ ತುಂಬಿದ ಕಲ್ಲುಮ್ಮಕ್ಕಾಯ ಮುಖ್ಯವಾಯಿತು. ಆಗಲಿ, ಹೊಟ್ಟೆಯ ಪಾಠವೂ ಪಾಠವೇ.

ಒಲಿಂಪಿಯನ್ ರಹ್ಮಾನ್ ಯಾರು?

ತೀರದ ಕಟ್ಟೆಯಲ್ಲಿ ಒಬ್ಬ ವಯಸ್ಸಾದ ಕೋಯ ನಮ್ಮ ಹುಡುಗರ ಜೆರ್ಸಿ ನೋಡಿ ಮಾತಿಗೆ ಬಂದರು. ಮಂಗಳೂರಿನವರು ಅಂದಾಗ ಸಂತೋಷಪಟ್ಟರು. "ನಿಮಗೆ ಒಲಿಂಪಿಯನ್ ರಹ್ಮಾನ್ ಗೊತ್ತುಂಟಾ?" ಅಂತ ಕೇಳಿದರು. ಮೆಸ್ಸಿಯ ಪ್ರತಿ ಗೋಲಿನ ಲೆಕ್ಕ ಇಟ್ಟುಕೊಂಡ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು, ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ನಮ್ಮ ದೇಶ ಅದಕ್ಕಿಂತ ಮೇಲೆ ಏರಲೇ ಇಲ್ಲ. ಆ ತಂಡದ ಡಿಫೆಂಡರ್ ಟಿ. ಅಬ್ದುಲ್ ರಹ್ಮಾನ್ ಇದೇ ಕಲ್ಲಿಕೋಟೆಯವರು.

ಹಿರಿಯರು ನಾಗ್ಜಿ ಟೂರ್ನಿಯ ಕಥೆಯನ್ನೂ ತೆಗೆದರು. ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಸಿದ ಗುಜರಾತಿ ಸೇಠ್ ಕುಟುಂಬದ ಹೆಸರಲ್ಲಿ 1952ರಲ್ಲಿ ಶುರುವಾದ ಟೂರ್ನಿ ಅದು. ಸೇಠರ ಹೆಸರಿನ ಕಪ್, ಕೋಯಗಳ ಕೂಗು, ನಾಯರ್, ತೀಯ, ಕ್ರೈಸ್ತ ಆಟಗಾರರು. ಬಹಳ ಕಾಲ ನಿಂತುಹೋಗಿದ್ದ ಅದನ್ನು 2016ರಲ್ಲಿ ಮತ್ತೆ ನಡೆಸಿದಾಗ ಬ್ರೆಜಿಲ್‌ನ ರೊನಾಲ್ಡಿನ್ಯೊ ಪ್ರಚಾರಕ್ಕೆ ಇಲ್ಲಿಗೆ ಬಂದಿದ್ದರು. ಇವತ್ತಿನ ಕಾರ್ಪೊರೇಷನ್ ಸ್ಟೇಡಿಯಂ 1977ರಲ್ಲಿ ಬಂದದ್ದು, ಈಗ ಅದಕ್ಕೆ ಇಎಂಎಸ್ ಹೆಸರು. ಇಲ್ಲಿ ಆಡುವ ಗೋಕುಲಂ ಕೇರಳ ತಂಡ 2020-21 ಮತ್ತು 2021-22ರಲ್ಲಿ ಸತತ ಎರಡು ಸಲ ಐ-ಲೀಗ್ ಗೆದ್ದಿತು. ಅದರ ಮಹಿಳಾ ತಂಡವೂ ಭಾರತದ ಮಹಿಳಾ ಲೀಗನ್ನು ಗೆದ್ದಿದೆ. ಸೂಪರ್ ಲೀಗ್ ಕೇರಳದ ಮೊದಲ ಫೈನಲ್ 2024ರ ನವೆಂಬರ್‌ನಲ್ಲಿ ಇದೇ ಅಂಗಳದಲ್ಲಿ ನಡೆದಾಗ ಕ್ಯಾಲಿಕಟ್ ಎಫ್‌ಸಿ 2-1ರಿಂದ ಫೋರ್ಸಾ ಕೊಚ್ಚಿಯನ್ನು ಸೋಲಿಸಿತು.

ಮಗ್ರಿಬ್‌ಗೆ ಸ್ಟೇಡಿಯಂ ಹತ್ತಿರದ ಪಳ್ಳಿಯಲ್ಲಿ ಸಫ್ಫುಗಳು ಹೊರಗಿನ ಜಗಲಿವರೆಗೆ ಬಂದಿದ್ದವು. ಅರ್ಧದಷ್ಟು ಜನ ಜೆರ್ಸಿಯಲ್ಲೇ ಇದ್ದರು. ಸಲಾಂ ಹೇಳಿ ಎದ್ದವರು ಸೀದಾ ಗೇಟಿನ ಕಡೆ ನಡೆದರು. ನಾವು ಇಶಾವನ್ನೂ ಅಲ್ಲೇ ಜಮ್‌ಅ್ ಮಾಡಿ ಹೊರಟೆವು. ಸಾಲಿನಲ್ಲಿ ಮುಂದೆ ತಲೆಗೆ ತಟ್ಟ ಹಾಕಿದ ಉಮ್ಮ, ಅವರ ಇಬ್ಬರು ಹೆಣ್ಣುಮಕ್ಕಳು, ಪಕ್ಕದಲ್ಲಿ ಹಣೆಗೆ ಗಂಧ ಇಟ್ಟ ಅಜ್ಜ ಮತ್ತು ಮೊಮ್ಮಗ. ಎಲ್ಲರ ಕೊರಳಲ್ಲೂ ಒಂದೇ ಬಣ್ಣದ ಶಾಲು. ಯಾರೂ ಯಾರ ಹೆಸರೂ ಕೇಳಲಿಲ್ಲ. ಬೆಳಗ್ಗೆ ಪ್ರಶ್ನೆ ಕೇಳಿದ್ದ ಹುಡುಗ ನಮ್ಮ ಮುಂದೆಯೇ ನಿಂತು ಅದನ್ನೆಲ್ಲ ನೋಡುತ್ತಿದ್ದ.

ಹೋಗುವ ಮನೆಯವರಿಗೆ ಎರಡು ಮಾತು. ರಾತ್ರಿ ರೈಲಿಗೆ ಮೊದಲೇ ಸೀಟು ಕಾದಿರಿಸಿ, ಮ್ಯಾಚ್ ಮುಗಿದ ಮೇಲೆ ಸ್ಟೇಷನ್‌ನಲ್ಲಿ ನೂಕುನುಗ್ಗಲು ಇರುತ್ತದೆ. ಹುಡುಗರನ್ನು ಬಿಟ್ಟು ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. ಕುಟ್ಟಿಚ್ಚಿರದ ಬೀದಿ, ಹಲ್ವದ ಅಂಗಡಿ, ಸಮುದ್ರ ತೀರ ಎಲ್ಲವೂ ಅವರಿಗೂ ಸಲ್ಲಬೇಕಾದದ್ದೇ.

ಊರಿಗೆ ಬಂದ ಮೇಲೆ ಹುಡುಗರಿಗೆ ಒಂದು ಕೆಲಸ ಕೊಟ್ಟಿದ್ದೇವೆ. ನೆಹರೂ ಮೈದಾನದಲ್ಲಿ ಆಡಿದ ಹಳೆಯ ಆಟಗಾರರು ತಮ್ಮ ಕೇರಿಯಲ್ಲಿ ಯಾರಿದ್ದಾರೆ, ಬಂದರಿನಲ್ಲಿ ಯಾರ ಗೋದಾಮು ಯಾರ ಪಾಲುದಾರಿಕೆಯಲ್ಲಿತ್ತು ಅಂತ ಅಜ್ಜಂದಿರ ಹತ್ತಿರ ಕೇಳಿ ಬರೆದುಕೊಂಡು ಬರಬೇಕು. ಜಾತಿ, ಧರ್ಮ ನೋಡದೆ ಎಲ್ಲ ಹೆಸರು ಬರೆಯಬೇಕು. ನೆಹರೂ ಮೈದಾನದಲ್ಲಿ ಮುಂದಿನ ಟೂರ್ನಿ ನಡೆಯುವ ದಿನ, ಇನ್‌ಶಾ ಅಲ್ಲಾಹ್, ಬೆಳಗ್ಗೆ ಝೀನತ್ ಬಕ್ಷ್‌ನಿಂದ ಹೊರಟು ಬಂದರ್ ಇಡೀ ನಡೆದು ನೋಡಿ, ಸಂಜೆ ಮೈದಾನಕ್ಕೆ ಹೋಗುವುದು. ಬರುವವರು ನಮಗೆ ತಿಳಿಸಿ.